ಅಪ್‌ಡೇಟ್: ತಾತನ ರೈಫಲ್‌ನ ಮರಕ್ಕೆ ಹಿಡಿದಿದ್ದ ಜಿಡ್ಡು ಹೋಯಿತು

ತಾತನ ಕಾಲದ, ಪರವಾನಗಿ ಇರುವ .315 ರೈಫಲ್‌ನ ಮರದಿಂದ ಹಳೆಯ ಎಣ್ಣೆಜಿಡ್ಡು ತೆಗೆಯುವುದು ಹೇಗೆಂದು ಕೇಳಿದ್ದೆ. ಸೇನೆಯ ಲೀ-ಎನ್‌ಫೀಲ್ಡ್ ರಚನೆಯನ್ನೇ ಉಳಿಸಿಕೊಂಡು ಇಷಾಪುರದ ಕಾರ್ಖಾನೆ ನಾಗರಿಕರಿಗಾಗಿ ತಯಾರಿಸಿದ ಬಂದೂಕು ಅದು.

ಫಲ ಕೊಟ್ಟಿದ್ದು ಸೀಮೆಸುಣ್ಣದ ಪುಡಿಯ ಉಪಾಯ. ಚಿಕ್ಕಪೇಟೆಯಲ್ಲಿ ಪುಡಿ ಕೊಂಡು, ಟರ್ಪೆಂಟೈನ್‌ನಲ್ಲಿ ಕಲಸಿ, ಮರಕ್ಕೆ ದಪ್ಪಗೆ ಮೆತ್ತಿ ತಾರಸಿಯ ಬಿಸಿಲಿಗಿಟ್ಟೆ. ಬೆಳ್ಳಗಿದ್ದ ಲೇಪ ಸಂಜೆಯ ಹೊತ್ತಿಗೆ ಕಾಫಿ ಡಿಕಾಕ್ಷನ್ ಚೆಲ್ಲಿದಂತೆ ಕಂದಾಗಿತ್ತು! ಲೇಪ ಬೆಳ್ಳಗೇ ಉಳಿಯುವವರೆಗೂ ಕೆರೆದು ಮತ್ತೆ ಮೆತ್ತಿದೆ. ಒದ್ದೆ ಬಟ್ಟೆ ಹಾಕಿ ಇಸ್ತ್ರಿಪೆಟ್ಟಿಗೆ ಒತ್ತಲು ಹೇಳಿದವರಿಗೂ ಋಣಿ: ತಗ್ಗುಗಳು ಉಬ್ಬಿ ಸಮವಾದವು. ನಾರು ಕತ್ತರಿಸಿಹೋಗಿದ್ದ ಗೀರುಗಳು ಮಾತ್ರ ಹಾಗೆಯೇ ಇವೆ.

ಸೋಪಿನ ನೀರಿನಿಂದ ಏನೂ ಆಗಲಿಲ್ಲ. ಮರಳುಕಾಗದದ ಸಲಹೆಯನ್ನು ನಾನು ಒಪ್ಪಲೇ ಇಲ್ಲ; ಉಜ್ಜಿದ್ದರೆ ಜಿಡ್ಡಿನಡಿ ಅಡಗಿದ್ದ ಕಾರ್ಖಾನೆಯ ಮುದ್ರೆ ಅಳಿಸಿಹೋಗುತ್ತಿತ್ತು. ಅದನ್ನು ಕಂಡು ಅಮ್ಮ ಬಹಳ ಹೊತ್ತು ಕೈಯಾಡಿಸಿದರು.

ಕೊನೆಗೆ ಅಗಸೆ ಎಣ್ಣೆಯನ್ನು ತೆಳ್ಳಗೆ ಸವರಿದೆ. ಒಂದು ಎಚ್ಚರಿಕೆ: ಆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗಿಯೇ ಕಾವು ಏರಿ ಬೆಂಕಿ ಹತ್ತಬಹುದು. ಬಿಡಿಸಿ ಹರವಿ ಒಣಗಿಸಿ. ಕಬ್ಬಿಣದ ಭಾಗಗಳ ಕೆಲಸವನ್ನು ಪರವಾನಗಿ ಪಡೆದ ಬಂದೂಕು ವ್ಯಾಪಾರಿಗೇ ಒಪ್ಪಿಸಿದ್ದೇನೆ.