ಅಪ್‌ಡೇಟ್: ಮಗನ ಗ್ಲುಕಗಾನ್ ಟೆಸ್ಟ್ ಮುಗಿಯಿತು

ಎತ್ತರ ಕಮ್ಮಿ ಅಂತ ಮಗನಿಗೆ ಗ್ರೋತ್ ಹಾರ್ಮೋನ್ (ಬೆಳವಣಿಗೆಯ ಹಾರ್ಮೋನ್) ಸರಿಯಾಗಿ ಬರುತ್ತದಾ ಅಂತ ನೋಡುವ ಗ್ಲುಕಗಾನ್ ಟೆಸ್ಟ್ ಬರೆದಿದ್ದಾರೆ, ಅಷ್ಟು ಸಲ ಸೂಜಿ ಚುಚ್ಚಿದರೆ ಹೇಗೆ ತಡೆದುಕೊಳ್ಳುತ್ತಾನೆ ಅಂತ ಕೇಳಿದ್ದೆನಲ್ಲ? ಕೈ ಮರಗಟ್ಟಿಸುವ ಕ್ರೀಮ್ ಹಚ್ಚಿಸಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಕ್ಯಾನುಲಾ (ರಕ್ತನಾಳದೊಳಗೆ ಇಡುವ ಸಣ್ಣ ಕೊಳವೆ) ಹಾಕಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ರಕ್ತವೆಲ್ಲ ಅದರಿಂದಲೇ ತೆಗೆದರು. ಗ್ರೋತ್ ಹಾರ್ಮೋನ್ ಹೊರಬರಲಿ ಅಂತ ತೊಡೆಗೆ ಗ್ಲುಕಗಾನ್ (ಇದೂ ಒಂದು ಹಾರ್ಮೋನ್) ಇಂಜೆಕ್ಷನ್ ಕೊಟ್ಟಾಗ ಮಾತ್ರ ಅತ್ತ. ಕಾರ್ಟೂನ್ ತೋರಿಸಿ ಅನ್ನುವ ಸಲಹೆ ನಡೆಯಲಿಲ್ಲ. ಹೊಟ್ಟೆ ತೊಳಸಿ ವಾಂತಿ ಮಾಡಿಕೊಂಡ, ಪಾಪ, ಕಣ್ಣು ಮುಚ್ಚಿ ಮಲಗಿಬಿಟ್ಟ.

ಹೊಸದಾಗಿ ಗೊತ್ತಾಗಿದ್ದು ಇದು: ಗ್ಲುಕಗಾನ್ ಮೊದಲು ರಕ್ತದ ಸಕ್ಕರೆ ಏರಿಸುತ್ತದೆ, ಆಮೇಲೆ ಅದು ಇಳಿಯುತ್ತದೆ. ಗ್ರೋತ್ ಹಾರ್ಮೋನ್ ಜಾಸ್ತಿ ಬರುವುದು ಸಾಮಾನ್ಯವಾಗಿ ಇಂಜೆಕ್ಷನ್ ಕೊಟ್ಟು 2-3 ಗಂಟೆ ಆದ ಮೇಲೆ. ಅದಕ್ಕೇ ಅಷ್ಟು ಹೊತ್ತು ಕೂರಿಸುವುದು. ಸಕ್ಕರೆ ತಡವಾಗಿಯೂ ಇಳಿಯಬಹುದು, ಹಾಗಾಗಿ ಊಟ ಮಾಡಿಸಿದ ಮೇಲೇ ಮನೆಗೆ ಕಳಿಸಿದರು. ರಿಪೋರ್ಟ್ ಬಂತು: ಹಾರ್ಮೋನ್ ಚೆನ್ನಾಗಿ ಏರಿದೆ, ಕೊರತೆ ಇಲ್ಲವಂತೆ!