ತಲೆ ಆಪರೇಷನ್ ಆದ್ಮೇಲೆ ಅಪ್ಪ ಎಷ್ಟೊತ್ತಿಗೆ ಕಣ್ಣು ಬಿಡ್ತಾರೆ? ಅನುಭವ ಇದ್ದೋರು ಹೇಳಿ (ಹೆಸರು ಬೇಡ, ನಿಮ್ಮ ಊರು ಹಾಕಿದ್ರೆ ಸಾಕು)

ಠಾಣೆ: ಅಪ್ಪಂಗೆ 64, ಮೆನಿಂಜಿಯೋಮಾ (ಮೆದುಳಿನ ಪೊರೆಯಲ್ಲಿ ಬೆಳೆಯೋ ಗಡ್ಡೆ), ಬರೋ ಗುರುವಾರ ಆಪರೇಷನ್. ಅನೆಸ್ತೇಸಿಯಾ ಇಳಿದು ಎಚ್ಚರ ಆಗೋದು ಹೇಗಿರುತ್ತೆ? ಭಯ ಆಗ್ತಿದೆ.

ವಾಸ್ಕೊ: ನಮ್ಮವ್ವಂದು ಹೋದ ವರ್ಷ ಆತ್ರಿ. ಐದ ತಾಸು ಹಿಡೀತು, ಡಾಕ್ಟರ್ ಹೊರಗ ಬಂದು ಚಲೋ ಆಗೇತಿ ಅಂದ್ರು, ಆದ್ರ ಎರಡ ತಾಸಾದ್ರೂ ಹೇಳಿದ್ದು ಕೇಳವಲ್ರು ಅಂತ, ಒಳಗ ರಕ್ತ ಆಗೇತೇನು ನೋಡಾಕ ಸಿಟಿ ಸ್ಕ್ಯಾನಿಗೆ ಒಯ್ದ್ರು, 4,800 ರೂಪಾಯಿ, ಏನೂ ಇಲ್ಲ. ಕಡೀಕ ನನ್ನ ಒಳಗ ಬಿಟ್ರು. ನರ್ಸ್ ಹಿಂದಿ, ಕೊಂಕಣಿ ಒಳಗ ಕೈ ಎತ್ತು ಅನ್ನಾಕತ್ತಿದ್ಲು, ನಮ್ಮವ್ವಗ ಗದಗಿನ ಮಾತು ಬಿಟ್ರ ಬ್ಯಾರೆ ಬರೂದಿಲ್ಲ. ಕಿವ್ಯಾಗ "ಯವ್ವಾ, ಬಲಗೈ ಎತ್ತಬೇ" ಅಂದೆ, ಎತ್ತಿದ್ಲು. ಆ ಎರಡ ತಾಸು ಹೆಂಗ ಕುಂತಿದ್ನಿ ನನಗ ಗೊತ್ತು.

ಪಿಂಪ್ರಿ: ನಮ್ಮೋರನ್ನ ಅವತ್ತು ಎಬ್ಬಿಸಲೇ ಇಲ್ಲ, ರಾತ್ರಿಯೆಲ್ಲ ವೆಂಟಿಲೇಟರ್. ಐಸಿಯು ದಿನಕ್ಕೆ 18,000, ವೆಂಟಿಲೇಟರ್ 6,500 ಬೇರೆ, ಗ್ಲೌಸ್‌ಗೂ ಬೇರೆ, ಇನ್ಶೂರೆನ್ಸ್‌ನೋರು 41,000 ಕಟ್ ಮಾಡಿದ್ರು. ಬೆಳಿಗ್ಗೆ ಉಸಿರಿನ ಟ್ಯೂಬ್ ತೆಗೆದಾಗ ಗಂಟಲು ಕಟ್ಟಿ ಸ್ವರಾನೇ ಇಲ್ಲ, ನನ್ನನ್ನ ಅವರ ಅಕ್ಕ ಅಂದ್ಕೊಂಡ್ರು, ಮೂರು ರಾತ್ರಿ ಸಲೈನ್ ಕಿತ್ತು ಹಾಕಿದ್ರು, ಆಮೇಲೆ ಕೈ ಕಟ್ಟಿದ್ರು. ಬಿಲ್ ಏರಿಸೋಕೆ ಮಲಗಿಸಿಡ್ತಾರೆ, ಅಷ್ಟೇ.

ಮುಲುಂಡ್: ಅಕ್ಕಾ, ಹಂಗೆಲ್ಲ ಬರೀಬೇಡಿ. ನಾನು 11 ವರ್ಷದಿಂದ ಆಪರೇಷನ್ ಥಿಯೇಟರ್ ಟೆಕ್ನಿಷಿಯನ್. ಸಾಧ್ಯ ಇದ್ರೆ ಟೇಬಲ್ ಮೇಲೇ ಎಬ್ಬಿಸೋಕೆ ನೋಡ್ತಾರೆ, ಕಣ್ಣುಬಿಟ್ಟು ಕೈಕಾಲು ಆಡಿಸಿದ್ರೇನೇ ತಲೆ ಒಳಗೇನಾಗ್ತಿದೆ ಅಂತ ಗೊತ್ತಾಗೋದು. ಟ್ಯೂಬ್ ತೆಗೆಯೋವಾಗ ಜೋರಾಗಿ ಕೆಮ್ಮಿದ್ರೆ ಬಿಪಿ ಏರಿ ರಕ್ತ ಬರೋ ಭಯ. ಮೆದುಳು ಊದಿದ್ರೆ, ಆಪರೇಷನ್ ತುಂಬ ಹೊತ್ತು ಎಳೆದ್ರೆ, ನುಂಗೋ ನರದ ಹತ್ರ ಗಡ್ಡೆ ಇದ್ರೆ ರಾತ್ರಿ ಮಲಗಿಸೇ ಇಡಬೇಕಾಗುತ್ತೆ.

ಪಿಂಪ್ರಿ: ಅದನ್ನ ಮೊದಲೇ ಹೇಳೋಕೇನು? ಹದಿನೇಳು ಕಡೆ ಸೈನ್ ಹಾಕಿಸ್ಕೊಂಡ್ರು, ಒಬ್ರೂ ಬಾಯಿ ಬಿಡ್ಲಿಲ್ಲ. ಬೆಳಗಾಗೋವರೆಗೂ ಅವರು ಹೋಗೇಬಿಟ್ರು ಅಂತ ಕೂತಿದ್ದೆ ನಾನು.

ಮಡಗಾಂವ್: ಇದಕ್ಕೇ ಬೆಂಗಳೂರಿಗೆ ನಿಮ್ಹಾನ್ಸ್‌ಗೆ ಹೋಗ್ಬೇಕಿತ್ತು ಅನ್ನೋದು. ನಮ್ಮಣ್ಣಂದು ಅಲ್ಲೇ ಮಾಡಿಸಿದ್ದು, ಕನ್ನಡದಲ್ಲೇ ಮಾತಾಡಿಸಿ ಎಬ್ಬಿಸಿದ್ರು.

ವಾಸ್ಕೊ: ಲಾಡ್ಜಿಗೆ ದಿನಾ ಸಾವಿರ ನೀವ ಕೊಡ್ತಿದ್ರೇನು? ನಾ ಗೌಂಡಿ ಕೆಲಸ ಮಾಡಾಂವ, ಒಂದಿನ ಬಿಟ್ರ ಪಗಾರ ಇಲ್ಲ.

ಮಡಗಾಂವ್: ನಾವೂ ಸಾಲ ಮಾಡೇ ಹೋಗಿದ್ದು, ಇನ್ನೂ ತೀರಿಲ್ಲ.

ಠಾಣೆ: ದಯವಿಟ್ಟು ಜಗಳ ಬೇಡ. ಅಪ್ಪಂಗೆ ಹಿಂದಿ ಅಷ್ಟಕ್ಕಷ್ಟೇ, ಕಿವಿಗೆ ಮಷಿನ್ ಬೇರೆ.

ಮುಲುಂಡ್: ಮಷಿನ್ ವಿಷ್ಯ ಅನೆಸ್ತೇಸಿಯಾ ಡಾಕ್ಟರಿಗೇ ಹೇಳಿ, ಎಚ್ಚರ ಆಗೋ ಹೊತ್ತಿಗೆ ಹಾಕ್ಲಿ. ಫೈಲ್ ಮೇಲೆ ಕನ್ನಡ ಮಾತ್ರ ಅಂತ ದಪ್ಪಕ್ಕೆ ಬರೆಸಿ.

ಪಿಂಪ್ರಿ: ರಾತ್ರಿ ಮಲಗಿಸಿಡ್ತೀರಾ ಅಂತಾನೂ ಮೊದಲೇ ಕೇಳಿ. ನನ್ನ ಥರ ಕೂರಬೇಡಿ.