ಸಹಾಯ ಬೇಕು: ಹೋಟೆಲ್ ಅತಿಥಿಗಳಿಗೆ ಊರಿನ ಕೈಪಿಡಿ

ಗೆಳೆಯರೇ, ನಾನು ನಗರದ ಹೋಟೆಲೊಂದರ ಸ್ವಾಗತ ವಿಭಾಗದಲ್ಲಿದ್ದೇನೆ. ಸ್ಥಳೀಯ ಊಟ, ಕಾರ್ಯಕ್ರಮ ಮತ್ತು ಹೊರಾಂಗಣ ಚಟುವಟಿಕೆಗಳ ಕಿರು ಕೈಪಿಡಿಯನ್ನು ಅತಿಥಿಗಳಿಗಾಗಿ ಸಿದ್ಧಪಡಿಸುತ್ತಿದ್ದೇನೆ. ಅನುಭವಿಗಳ ಸಲಹೆ ಬೇಕು.

ಮಧ್ಯಾಹ್ನ ಕೋಣೆ ಖಾಲಿ ಮಾಡಿ, ಸೂಟ್‌ಕೇಸನ್ನು ನಮ್ಮ ವಶಕ್ಕೆ ಕೊಟ್ಟು, "ವಿಮಾನಕ್ಕೆ ಇನ್ನೂ ಹೊತ್ತಿದೆ, ಎಲ್ಲಿಗೆ ಹೋಗಲಿ?" ಎಂದು ಕೇಳುವವರಿಗೆ ಪ್ರೇಕ್ಷಣೀಯ ಸ್ಥಳಗಳ ಉದ್ದನೆಯ ಪಟ್ಟಿಯಿಂದ ಪ್ರಯೋಜನವಿಲ್ಲ. ಹಾಗಾಗಿ ಎಲ್ಲವನ್ನೂ ಬಿಡುವಿನ ಅವಧಿಗೆ ತಕ್ಕಂತೆ ವಿಂಗಡಿಸುತ್ತಿದ್ದೇನೆ. ಜೊತೆಗೆ ವಾರದ ರಜೆ, ನಡಿಗೆಯ ದೂರ, ಶೌಚಾಲಯ, ಮೆಟ್ಟಿಲುಗಳ ವಿವರವೂ ಇರುತ್ತದೆ. ಗಾಲಿಕುರ್ಚಿಯಲ್ಲಿ ಬರುವವರಿಗೆ ಒಂದೇ ಮೆಟ್ಟಿಲೂ ದೊಡ್ಡ ಅಡ್ಡಿ.

ನನ್ನನ್ನು ಹೆಚ್ಚು ಕಾಡುತ್ತಿರುವುದು ಊಟದ ಭಾಗ. ಕಡಲೆಕಾಯಿ, ಎಳ್ಳು, ಹಾಲು ಅಥವಾ ಗೋಧಿ ಒಗ್ಗದವರಿಗೆ ಬೀದಿಬದಿಯ ತಿನಿಸನ್ನು ಧೈರ್ಯವಾಗಿ ಸೂಚಿಸುವುದು ಹೇಗೆ? ಅಡುಗೆಯವರಿಗೆ ತೋರಿಸಲು ಸ್ಥಳೀಯ ಭಾಷೆಯಲ್ಲಿ ಚೀಟಿ ಬರೆದುಕೊಡುವ ಕ್ರಮ ನಿಮ್ಮಲ್ಲಿದೆಯೇ? ಮಾದರಿ ಇದ್ದರೆ ದಯವಿಟ್ಟು ಹಂಚಿಕೊಳ್ಳಿ. ಎಣ್ಣೆ, ಬಾಣಲೆ ಒಂದೇ ಆಗಿದ್ದರೂ ಅಪಾಯವಿರುವುದರಿಂದ ಈ ವಿಷಯದಲ್ಲಿ ಅಂದಾಜಿನ ಮಾತು ಸಲ್ಲದು.

ಕಾರ್ಯಕ್ರಮಗಳ ದಿನಾಂಕಗಳು ಬದಲಾಗುತ್ತಲೇ ಇರುತ್ತವೆ. ಮುದ್ರಿಸುವ ಬದಲು ಕೋಣೆಯಲ್ಲಿ ಕ್ಯೂಆರ್ ಕೋಡ್ ಇಟ್ಟರೆ ಹಿರಿಯರಿಗೂ ಅನುಕೂಲವಾಗುತ್ತದೆಯೇ? ಮಳೆ ಬಂದರೆ ಹೊರಾಂಗಣ ಚಟುವಟಿಕೆಗೆ ಬದಲಾಗಿ ಏನು ಸೂಚಿಸುತ್ತೀರಿ ಎಂಬುದನ್ನೂ ತಿಳಿಸಿ.